ಮೊದಲು ಮುಟ್ಟಿದವನಿಗೆ ಇನಾಮು

ಕಲಬುರಗಿ ಸ್ಟೇಶನ್ನಿನ ಮುಂದಿನ ಟಾಂಗಾ ಅಡ್ಡೆಯಲ್ಲಿ ಅಣವೀರಪ್ಪನಷ್ಟು ಬಿಗುಮಾನದವನು ಇನ್ನೊಬ್ಬನಿರಲಿಲ್ಲ. ಉಳಿದವರು ಗಿರಾಕಿ ಇಳಿದ ಕೂಡಲೇ ಅಂಗೈ ಚಾಚಿ, "ಕುದುರಿ ಮೇವಿಗಿ ಏನಾರ ಕೊಡ್ರಿ ಸಾಹೇಬ್ರ" ಎಂದು ಗೋಗರೆಯುತ್ತಿದ್ದರು. ಅಣವೀರಪ್ಪ ತುಟಿ ಬಿಚ್ಚುತ್ತಿರಲಿಲ್ಲ. ಗೊತ್ತು ಮಾಡಿದ ಕಿರಾಯಿ ತೆಗೆದುಕೊಂಡು, ರುಮಾಲಿನ ತುದಿಯಲ್ಲಿ ಗಂಟು ಹಾಕಿ, ಕುದುರೆಯ ಕುತ್ತಿಗೆ ಸವರುತ್ತ ನಿಂತುಬಿಡುತ್ತಿದ್ದ. ಆದರೆ ಗಿರಾಕಿ ಹತ್ತು ಹೆಜ್ಜೆ ದಾಟುವ ತನಕ ಅಲ್ಲಿಂದ ಅಲುಗುತ್ತಲೂ ಇರಲಿಲ್ಲ. ಕೆಲವರಿಗೆ ಆ ನಿಲುವು ಬಾಯಿಬಿಟ್ಟು ಕೇಳಿದ್ದಕ್ಕಿಂತ ಜೋರಾಗಿ ಕೇಳಿಸಿ, ತಿರುಗಿ ಬಂದು ಅರ್ಧಾಣೆ ಕೊಟ್ಟು ಹೋಗುತ್ತಿದ್ದರು.

ಅವನ ಗೆಳೆಯ ಇಮಾಮುದ್ದೀನ್ ಇದನ್ನು ಕಂಡು ನಗುತ್ತಿದ್ದ. "ನಾ ಬಾಯಿಲೆ ಕೇಳ್ತೀನಿ, ನೀ ಬೆನ್ನಿಲೆ ಕೇಳ್ತಿ. ಇಬ್ಬರೂ ಕೇಳೋರೇ ಅಲ್ಲೇನೋ ಅಣವೀರಾ?"

ಹನ್ನೊಂದು ವರ್ಷದಿಂದ ಇಬ್ಬರೂ ಅಡ್ಡೆಯಲ್ಲಿ ಒಂದೇ ಬೇವಿನ ಮರದ ನೆರಳಿಗೆ ಟಾಂಗಾ ನಿಲ್ಲಿಸುತ್ತಿದ್ದರು. ಇಮಾಮುದ್ದೀನನ ಮನೆ ರೋಜಾದಲ್ಲಿ, ದರ್ಗಾದ ಹಿಂದಿನ ಓಣಿಯಲ್ಲಿ. ಅಣವೀರಪ್ಪನ ಮನೆ ಕೋಟೆಯ ಮಗ್ಗುಲಿಗೆ. ಒಬ್ಬನ ಕುದುರೆಗೆ ಜಡ್ಡಾದರೆ ಇನ್ನೊಬ್ಬನ ದುಡಿಮೆಯಲ್ಲೇ ಎರಡೂ ಮನೆಯ ಒಲೆ ಉರಿಯುತ್ತಿತ್ತು. ಉರುಸಿನ ಹೊತ್ತಿನಲ್ಲಿ ದೂರದೂರಿನ ಯಾತ್ರಿಕರು ಬಂದೇನವಾಜರ ಹೆಸರು ಹೇಳಿ ಕೈ ಬಿಚ್ಚಿ ಕೊಡುತ್ತಿದ್ದರು. ಅದು ಬಿಟ್ಟರೆ ವರ್ಷವಿಡೀ ಕಿರಾಯಿಗೇ ಜಗ್ಗಾಡುವ ಮಂದಿ. ಕಚೇರಿಯ ಸಾಹೇಬರಂತೂ ಕಿರಾಯಿಯನ್ನೇ ಕೊಡದೆ ಇಳಿದು ಹೋಗುತ್ತಿದ್ದರು. ಅದು ಜರ್ಮನಿಯ ಯುದ್ಧದ ಮೂರನೆಯ ವರ್ಷ. ಕಡಲೆ, ಹುರುಳಿಯ ಬೆಲೆ ಏರಿ ಕುದುರೆಗಳ ಪಕ್ಕೆಲುಬು ಕಾಣತೊಡಗಿದ್ದವು.

ಇಂಥ ಕಾಲದಲ್ಲಿ ಅಡ್ಡೆಯವರೆಲ್ಲ ಬಾಯಿಬಿಟ್ಟುಕೊಂಡು ಕಾಯುತ್ತಿದ್ದ ಗಿರಾಕಿ ಎಂದರೆ ದೇವೀಂದ್ರಪ್ಪ. ಕಮಲಾಪುರದ ಸುತ್ತ ಇಪ್ಪತ್ತು ಹಳ್ಳಿಗಳ ಸೇಂದಿ, ಸಾರಾಯಿ ಅಂಗಡಿಗಳ ಗುತ್ತೇದಾರ. ಕೈ ಧಾರಾಳ. ಆದರೆ ಇನಾಮನ್ನು ಅವನು ಯಾರ ಕೈಗೂ ಇಡುತ್ತಿರಲಿಲ್ಲ, ಎಸೆಯುತ್ತಿದ್ದ. ಇಬ್ಬರು ನಿಂತಿದ್ದರೆ ಇಬ್ಬರ ನಡುವೆ ಒಂದೇ ರೂಪಾಯಿ. ಹಿಂದಿನ ದಸರೆಯಲ್ಲಿ ಇಬ್ಬರು ಹಮಾಲರು ಹಾಗೆ ಬಿದ್ದ ರೂಪಾಯಿಗಾಗಿ ಮಣ್ಣಿನಲ್ಲಿ ಹೊರಳಾಡಿ, ಒಬ್ಬನು ಇನ್ನೊಬ್ಬನ ಕಿರುಬೆರಳನ್ನು ಗೆಣ್ಣಿಗೆ ಕಚ್ಚಿ ತುಂಡು ಮಾಡಿದ್ದ. ದೇವೀಂದ್ರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು, ಬೆರಳು ಹೋದವನಿಗೂ ಒಂದು ರೂಪಾಯಿ ಎಸೆದು ಹೋಗಿದ್ದ. ಅವನ ಬೆನ್ನ ಹಿಂದೆ ಅಡ್ಡೆಯವರೆಲ್ಲ ಬೈದರು. ಮುಂದಿನ ಸಲ ಅವನು ರೈಲಿನಿಂದ ಇಳಿದಾಗ ಎಲ್ಲರಿಗಿಂತ ಮುಂದೆ ಓಡಿದವರೂ ಅವರೇ.

ಮಾಘದ ಒಂದು ಮುಂಜಾನೆ ದೇವೀಂದ್ರಪ್ಪ ಒಬ್ಬ ಅತಿಥಿಯನ್ನು ಕರೆದುಕೊಂಡು ಇಳಿದ. ಅತಿಥಿ ಸಾರಾಯಿ ಕಾಯಿಸಲು ಬೇಕಾದ ಹಿಪ್ಪೆ ಹೂವಿನ ಹೈದರಾಬಾದಿನ ವ್ಯಾಪಾರಿ ಜಹೀರುದ್ದೀನ್ ಸಾಹೇಬರು. ಐವತ್ತು ದಾಟಿದ, ಮೆತ್ತಗಿನ ಮಾತಿನ ಮನುಷ್ಯ. ಇಬ್ಬರೂ ಕಮಲಾಪುರಕ್ಕೆ ಹೋಗಬೇಕಿತ್ತು. ಒಂದೇ ಟಾಂಗಾ ಸಾಲುತ್ತಿತ್ತು. ಆದರೆ ಅತಿಥಿಯ ಎದುರಿಗೆ ದೊಡ್ಡಸ್ತಿಕೆ ತೋರಿಸಲು ದೇವೀಂದ್ರಪ್ಪ ಎರಡು ಟಾಂಗಾ ಕರೆದ. ತಾನು ಅಣವೀರಪ್ಪನದನ್ನು ಹತ್ತಿ, ಸಾಹೇಬರನ್ನು ಇಮಾಮುದ್ದೀನನದಕ್ಕೆ ಹತ್ತಿಸಿದ.

ಕೋಟೆ ಬಳಸಿ, ರೋಜಾ ದಾಟಿ, ಕಪನೂರಿನ ಹೊಲಗಳ ನಡುವೆ ಟಾಂಗಾಗಳು ಹಾಯಾಗಿ ನಡೆದವು. ಜೋಳದ ತೆನೆಗೆ ಹಾಲು ತುಂಬಿತ್ತು. ಅಣವೀರಪ್ಪನ ಹೆಣ್ಣುಕುದುರೆ ಚಂದ್ರಿ ಮುಂದೆ, ಇಮಾಮುದ್ದೀನನ ಮೋತಿ ಹಿಂದೆ. ಬಿಸಿಲೇರುವ ಹೊತ್ತಿಗೆ ಮಹಾಗಾಂವ ಬಂತು. ಗುತ್ತೇದಾರ ಮತ್ತು ಸಾಹೇಬರು ಮರದ ಕೆಳಗೆ ಜಮಖಾನ ಹಾಸಿಕೊಂಡು ಬುತ್ತಿ ಬಿಚ್ಚಿದರು. ಸಾಹೇಬರು ಊಟ ಮಾಡಿದರು, ಗುತ್ತೇದಾರ ಕುಡಿದ. ಕುಡಿದಷ್ಟೂ ಅವನಿಗೆ ಬೇಸರ ಹೆಚ್ಚಾಯಿತು. ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಇಬ್ಬರನ್ನೂ ಹತ್ತಿರ ಕರೆದ.

"ಇಲ್ಲಿಂದ ಕಮಲಾಪುರದ ಚಾವಡಿ ತನಕ. ಯಾರ ಟಾಂಗಾ ಮೊದಲ ಮುಟ್ತದ ಅವಗ ಐದು ರೂಪಾಯಿ ಇನಾಮು. ಹಿಂದ ಉಳದವಗ ಬರೇ ಕಿರಾಯಿ."

"ಯಾಕ ಬೇಕು ದೇವೀಂದ್ರಪ್ಪ? ಕೊಡೋದಿದ್ರ ಇಬ್ಬರಿಗೂ ಕೊಡ್ರಿ, ಖುಷಿಪಡ್ತಾರ" ಎಂದರು ಜಹೀರುದ್ದೀನ್ ಸಾಹೇಬರು.

"ಪುಕ್ಕಟೆ ಕೊಟ್ರ ಖುಷಿಪಡಂಗಿಲ್ರಿ ಸಾಹೇಬ್ರ, ಮೈ ಬೆಳಸ್ತಾರ" ಎಂದ ದೇವೀಂದ್ರಪ್ಪ. "ನಾನೂ ಸೇಂದಿ ಅಂಗಡ್ಯಾಗ ಗಡಗಿ ತೊಳದಾಂವ. ಕುಡುಕರು ಒಗದ ಕಾಸು ಹಲ್ಲಿಲೆ ಹೆಕ್ಕೀನಿ. ಹಂಗ ಹೆಕ್ಕಿದ್ದಕ್ಕೇ ಇವತ್ತು ಇಲ್ಲಿ ಕೂತೀನಿ."

ಸಾಹೇಬರು ಬುತ್ತಿ ಕಟ್ಟತೊಡಗಿದರು. ಅವರ ಹೂವಿನ ವ್ಯಾಪಾರ ಈ ಗುತ್ತೇದಾರನ ಕೈಯಲ್ಲಿತ್ತು.

ಹೊಂಡದ ಹತ್ತಿರ ಮೋತಿಯ ಬಾಯಿ ಒರೆಸುತ್ತ ಇಮಾಮುದ್ದೀನ್ ಪಿಸುಗುಟ್ಟಿದ. "ಹುಚ್ಚ ಅದಾನ. ಆಟ ಆಡಿಸ್ಲಿ ಬಿಡು. ಒಂದು ಮೈಲು ನಾ ಮುಂದ, ಒಂದು ಮೈಲು ನೀ ಮುಂದ. ಕಡೀಕ ಯಾರು ಮುಟ್ಟಿದರೂ ಅರ್ಧ ಅರ್ಧ. ಕುದುರಿಗೋಳಿಗೆ ಬಡೀಬ್ಯಾಡ."

"ಆತು ಭಾಯಿ" ಎಂದ ಅಣವೀರಪ್ಪ.

ಮೊದಲ ಮೂರು ಮೈಲು ಹಾಗೇ ನಡೆಯಿತು. ಚಾಬೂಕು ಗಾಳಿಯಲ್ಲಿ ಚಟೀರೆಂದಿತೇ ಹೊರತು ಕುದುರೆಯ ಮೈಗೆ ತಾಗಲಿಲ್ಲ. ಆದರೆ ದೇವೀಂದ್ರಪ್ಪ ಹುಟ್ಟಿದಾಗಿನಿಂದ ಇಂಥ ಉಪಾಯಗಳ ನಡುವೆಯೇ ಬದುಕಿದವನು. ಹಿಂದಿನ ಸೀಟಿನಿಂದ ಎದ್ದು, ಓಡುವ ಟಾಂಗಾದಲ್ಲೇ ಮುಂದೆ ಬಂದು, ಅಣವೀರಪ್ಪನ ಮಗ್ಗುಲಿಗೆ ಕೂತ. ಬಾಯಿಂದ ಸಾರಾಯಿಯ ವಾಸನೆ ಗಪ್ಪೆಂದು ಬಡಿಯಿತು.

"ಇಬ್ಬರೂ ಕೂಡಿ ನನಗ ನಾಟಕ ತೋರಸಾಕತ್ತೀರೇನು?"

"ಇಲ್ರೀ ಸಾವ್ಕಾರ್ರ, ರಸ್ತಾ ಖರಾಬ ಅದ."

"ಇಪ್ಪತ್ತೈದು ರೂಪಾಯಿ" ಎಂದ ದೇವೀಂದ್ರಪ್ಪ. ಅಂಗಿಯೊಳಗಿನಿಂದ ಚೀಲ ತೆಗೆದು ಅಣವೀರಪ್ಪನ ಕಿವಿಯ ಹತ್ತಿರ ಝಲ್ಲೆನಿಸಿದ. "ಕೇಳಸ್ತೇನು? ಇಪ್ಪತ್ತೈದು. ಹಿಂದ ಉಳದವಗ ಕಿರಾಯಿನೂ ಇಲ್ಲ."

ಇಪ್ಪತ್ತೈದು ರೂಪಾಯಿ! ಅಣವೀರಪ್ಪನಿಗೆ ಹೆಂಡತಿ ಜಯದೇವಿಯ ಬರಿ ಕೈ ನೆನಪಾಯಿತು. ಚಂದ್ರಿಯ ಮೇವಿಗಾಗಿ ಅವಳು ತನ್ನ ಬೆಳ್ಳಿಯ ಕಡಗ ಮಾರಿ ಇನ್ನೂ ತಿಂಗಳಾಗಿರಲಿಲ್ಲ.

"ಅವ ಮುಂದ ಮುಟ್ಟಿದ್ರ ನಿನಗ ಅರ್ಧ ಕೊಡ್ತಾನಂತ ಮಾಡಿಯೇನು?" ದೇವೀಂದ್ರಪ್ಪ ನಕ್ಕ. "ಐದರಾಗ ಅರ್ಧ ಕೊಡಬಹುದು. ಇಪ್ಪತ್ತೈದರಾಗ ಯಾವ ಮಗಾನೂ ಕೊಡಂಗಿಲ್ಲ."

ಹಾಗೆಂದವನೇ ಅಣವೀರಪ್ಪನ ಕೈಯಿಂದ ಚಾಬೂಕು ಕಸಿದು ಚಂದ್ರಿಯ ಬೆನ್ನಿಗೆ ಬಿಗಿದ. ಹೆಣ್ಣುಕುದುರೆ ಇಷ್ಟು ವರ್ಷದಲ್ಲಿ ಅಂಥ ಏಟು ತಿಂದಿರಲಿಲ್ಲ. ಕಿರುಚಿ, ಅಡ್ಡಡ್ಡ ಎಗರಿ, ಓಟಕ್ಕಿತ್ತುಕೊಂಡಿತು. ಇನ್ನೊಂದು ಏಟು, ಮತ್ತೊಂದು. ಬೂದು ಚರ್ಮ ಸೀಳಿ ಕೆಂಪು ಗೆರೆ ಮೂಡಿತು. ಅಣವೀರಪ್ಪ, "ಬ್ಯಾಡ್ರೀ, ಬ್ಯಾಡ್ರೀ ಸಾವ್ಕಾರ್ರ" ಎನ್ನುತ್ತಿದ್ದನೇ ಹೊರತು ಅವನ ಕೈ ಹಿಡಿಯಲಿಲ್ಲ. ಹಿಡಿಯಬಹುದಿತ್ತು. ದೇವೀಂದ್ರಪ್ಪನ ಇನ್ನೊಂದು ಮುಷ್ಟಿಯಲ್ಲಿ ಚೀಲವಿತ್ತು.

ಮುಂದೆ ಹೋಗುತ್ತಿದ್ದ ಇಮಾಮುದ್ದೀನನ ಟಾಂಗಾವನ್ನು ಸಮೀಪಿಸಿದಾಗ ದೇವೀಂದ್ರಪ್ಪ ಕಾಲ ಬಳಿಯಿದ್ದ ಖಾಲಿ ಸೀಸೆಯನ್ನೆತ್ತಿ ಬೀಸಿದ. ಅದು ಮೋತಿಯ ತೊಡೆಗೆ ಬಡಿದು ಒಡೆಯಿತು. ಗಾಜು ಚುಚ್ಚಿದ ಕುದುರೆ ಹುಚ್ಚೆದ್ದು ಓಡಿತು. ಇಮಾಮುದ್ದೀನ್ ಹಿಂದಕ್ಕೆ ಬಾಗಿ, ಎರಡೂ ಕೈಯಿಂದ ಲಗಾಮು ಜಗ್ಗುತ್ತಿದ್ದ. ಹಿಂದೆ ಕೂತ ಸಾಹೇಬರು ಟಾಂಗಾದ ಚಾವಣಿಯ ಕಂಬವನ್ನು ತಬ್ಬಿಕೊಂಡು, "ರೋಕೋ! ರೋಕೋ!" ಎಂದು ಕೂಗುತ್ತಿದ್ದರು.

ಇದೆಲ್ಲ ಅಣವೀರಪ್ಪನಿಗೆ ಕಂಡಿತು. ಸೀಸೆ ಬೀಸಿದ್ದು ಕಂಡಿತು, ಗೆಳೆಯ ಕುದುರೆ ತಡೆಯಲು ಒದ್ದಾಡುವುದು ಕಂಡಿತು. ಆದರೂ ಅವನ ಮನಸ್ಸು ಬೇರೆಯದನ್ನೇ ಹೇಳತೊಡಗಿತು. ನೋಡು, ಈ ಮೈಲು ನಿನ್ನದಾಗಿತ್ತು. ಅವ ಬಿಡವೊಲ್ಲ. ಅವನಿಗೂ ಇಪ್ಪತ್ತೈದರ ಮಾತು ಕೇಳಿಸ್ಯಾದ. ಬೇಕಾದ್ದನ್ನು ನಂಬಲು ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಒಂದು ಫರ್ಲಾಂಗಿನೊಳಗೆ ಅವನು ಅದನ್ನು ನಂಬಿಬಿಟ್ಟ. ದೇವೀಂದ್ರಪ್ಪನ ಕೈಯಿಂದ ಚಾಬೂಕು ಕಿತ್ತುಕೊಂಡು, ಎದ್ದು ನಿಂತು, ತಾನೇ ಚಂದ್ರಿಗೆ ಬಡಿಯತೊಡಗಿದ.

ಕಮಲಾಪುರ ಇನ್ನು ಅರ್ಧ ಮೈಲು ಇರುವಾಗ ರಸ್ತೆ ಇಳಿಜಾರಾಗಿ, ಕೆಳಗೆ ಒಂದು ಹಳ್ಳ, ಅದರ ಮೇಲೆ ಕಿರಿದಾದ ಕಲ್ಲಿನ ಸೇತುವೆ. ಆಚೆಗೆ ಬಾಳೆಯ ತೋಟಗಳು ಕಾಣುತ್ತಿದ್ದವು. ಸೇತುವೆಯ ಮೇಲೆ ಒಂದೇ ಗಾಡಿಗೆ ಜಾಗ. ಇಳಿಜಾರಿನಲ್ಲಿ ಎರಡೂ ಟಾಂಗಾಗಳು ಅಕ್ಕಪಕ್ಕ ಬಂದವು. ಗಾಲಿಗೂ ಗಾಲಿಗೂ ನಡುವೆ ಗೇಣು ಜಾಗವಿರಲಿಲ್ಲ.

"ಅಣವೀರಾ, ನಿಂದ್ರಸು!" ಇಮಾಮುದ್ದೀನ್ ಕೂಗಿದ. "ಮೋತಿ ಕೈಯಾಗಿಲ್ಲ! ನೀ ನಿಂದ್ರಸೋ!"

ಅಣವೀರಪ್ಪ ಚಾಬೂಕು ಬೀಸಿದ. ಮೊದಲ ಏಟು ಮೋತಿಯ ಕಣ್ಣಿನ ಮೇಲೆ ಬಿತ್ತು. ಕುದುರೆ ತಲೆ ಕೊಡವಿ ಹೊರಳಿತು. ಎರಡನೆಯ ಏಟು ಇಮಾಮುದ್ದೀನನ ಮುಖಕ್ಕೆ. ಹಣೆಯಿಂದ ಗದ್ದದ ತನಕ ಚರ್ಮ ಬಿಚ್ಚಿಕೊಂಡಿತು. ಕಣ್ಣಿಗೆ ರಕ್ತ ಇಳಿದರೂ ಅವನು ಲಗಾಮು ಬಿಡಲಿಲ್ಲ. ಗೆಳೆಯನ ಕಡೆ ತಿರುಗಿದ ಆ ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ಅಪರಿಚಿತ ಹೊಡೆದನೇನೋ ಎಂಬಂತೆ ನೋಡುತ್ತಿತ್ತು.

ಗಾಲಿಗಳ ನಡುವಿನ ಗುಂಬಗಳು ಒಂದಕ್ಕೊಂದು ಸಿಕ್ಕಿಕೊಂಡವು. ಮರ ಕರಕರನೆ ಅರೆದು, ಸೀಳಿ, ಬಿಟ್ಟುಕೊಂಡಿತು. ಚಂದ್ರಿ ಸೇತುವೆ ಹತ್ತಿತು. ಇಮಾಮುದ್ದೀನನ ಟಾಂಗಾ ಮಗ್ಗುಲಿನ ಕಲ್ಲಿಗೆ ಬಡಿದು, ಒಂದು ಗಾಲಿ ಗಾಳಿಯಲ್ಲಿ ತಿರುಗುತ್ತ, ಕುದುರೆಯ ಸಮೇತ ಹಳ್ಳಕ್ಕೆ ಉರುಳಿತು. ಬಿದ್ದ ಸಪ್ಪಳಕ್ಕಿಂತ ಆಮೇಲೆ ಬಂದ ಮೋತಿಯ ಕೂಗು ದೊಡ್ಡದು. ಕುದುರೆ ಹಾಗೆ ಕೂಗಬಲ್ಲದೆಂದು ಅಣವೀರಪ್ಪನಿಗೆ ಅದುವರೆಗೆ ಗೊತ್ತಿರಲಿಲ್ಲ.

ಅವನು ನಿಲ್ಲಿಸಲಿಲ್ಲ.

ಆಮೇಲೆ ಎಷ್ಟೋ ವರ್ಷ ಅವನು ತನ್ನನ್ನೇ ಕೇಳಿಕೊಂಡದ್ದು ಇದನ್ನೇ. ಚಾಬೂಕಿನ ಏಟು ಸಿಟ್ಟಿನ ಕ್ಷಣದ್ದು. ಆದರೆ ಹಳ್ಳದಿಂದ ಚಾವಡಿಯವರೆಗಿನ ಅರ್ಧ ಮೈಲು? ಅಷ್ಟು ದೂರ ಲಗಾಮು ಅವನ ಕೈಯಲ್ಲೇ ಇತ್ತು. ಹಿಂದಿನಿಂದ ಆ ಕೂಗು ಕೇಳುತ್ತಲೇ ಇತ್ತು. ಚಂದ್ರಿ ತಾನಾಗಿಯೇ ವೇಗ ತಗ್ಗಿಸಿದಾಗ ಅವನು ಇನ್ನೊಂದು ಏಟು ಹಾಕಿದ್ದ.

ಕಮಲಾಪುರದ ಚಾವಡಿಯ ಮುಂದೆ ಅವತ್ತು ಸಂತೆ. ಬೆವರು, ರಕ್ತ, ನೊರೆಯಿಂದ ತೊಯ್ದ ಕುದುರೆ ಜನರ ನಡುವೆ ನುಗ್ಗಿ ಬಂದಾಗ ಕೆಂಪುಬಾಳೆ ಮಾರುವ ಹೆಂಗಸರು ಬುಟ್ಟಿ ಎಳೆದುಕೊಂಡು ಓಡಿದರು. ದೇವೀಂದ್ರಪ್ಪ ಇಳಿದವನೇ ತೊಡೆ ತಟ್ಟಿದ. ಅವನ ಕಣ್ಣು ಮಿಂಚುತ್ತಿದ್ದವು.

"ಭಲೇ! ಗೆದ್ದಿ! ನನ್ನ ಟಾಂಗಾ ಗೆದ್ದದ!"

ಚೀಲದ ಬಾಯಿ ಬಿಚ್ಚಿ ತಲೆಕೆಳಗು ಮಾಡಿದ. ಬೆಳ್ಳಿಯ ರೂಪಾಯಿಗಳು ಧೂಳಿನಲ್ಲಿ, ಸೆಗಣಿಯಲ್ಲಿ, ಬಾಳೆಯ ಸಿಪ್ಪೆಯ ಮೇಲೆ ಚೆಲ್ಲಾಡಿದವು.

"ಹೆಕ್ಕು."

ಸಂತೆಯ ಮಂದಿ ಸುತ್ತುಗಟ್ಟಿ ನಿಂತರು. ಯಾವತ್ತೂ ಯಾರಿಗೂ ಕೈ ಚಾಚದ ಅಣವೀರಪ್ಪ ಮೊಣಕಾಲೂರಿ ಕೂತ. ಒಂದೊಂದೇ ರೂಪಾಯಿಯನ್ನು ಎತ್ತಿ ರುಮಾಲಿಗೆ ಹಾಕತೊಡಗಿದ. ಒಂದು ಉರುಳಿ ದೇವೀಂದ್ರಪ್ಪನ ಜೋಡಿನ ಕೆಳಗೆ ಹೋಗಿತ್ತು. ಅವನು ಕಾಲು ಎತ್ತಲಿಲ್ಲ. ಅಣವೀರಪ್ಪ ಬೆರಳಿನಿಂದ ಜೋಡಿನ ಅಂಚನ್ನು ಕೆದಕಿದ. ಜನರಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ಅಷ್ಟರಲ್ಲಿ ಹಳ್ಳದ ಕಡೆಯಿಂದ ಗದ್ದಲ ಬಂತು. ತೋಟದ ಆಳುಗಳು ಇಬ್ಬರನ್ನು ಹೊತ್ತು ತಂದಿದ್ದರು. ಜಹೀರುದ್ದೀನ್ ಸಾಹೇಬರ ತಲೆಗೆ ಧೋತರ ಸುತ್ತಿತ್ತು, ಅದೆಲ್ಲ ಕೆಂಪಾಗಿತ್ತು. ಒಬ್ಬನ ಹೆಗಲಿಗೆ ಆತು ನಡೆದು ಬಂದರು. ಇಮಾಮುದ್ದೀನ್ ಹೊರಸಿನ ಮೇಲಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿ, ಎಲುಬಿನ ತುದಿ ಹೊರಗೆ ಬಂದಿತ್ತು. ಅರ್ಧ ಮುಖ ರಕ್ತದಲ್ಲಿ ಹೆಪ್ಪುಗಟ್ಟಿತ್ತು. ಒಂದೇ ಕಣ್ಣು ತೆರೆದಿತ್ತು. ಹೊರಸನ್ನು ಅಣವೀರಪ್ಪನ ಎದುರಿಗೇ ಇಳಿಸಿದರು. ಆ ಕಣ್ಣು ಮೊದಲು ಅಣವೀರಪ್ಪನನ್ನು ನೋಡಿತು, ಆಮೇಲೆ ಅವನ ರುಮಾಲನ್ನು ನೋಡಿತು.

ದೇವೀಂದ್ರಪ್ಪ ಬಗ್ಗಿ ನೋಡಿ ನಾಲಿಗೆಯಿಂದ ಲೊಚಗುಟ್ಟಿದ. "ನೀನೂ ಚಲೋ ಓಡ್ಸಿದಿ ಬಿಡು ಸಾಬಣ್ಣ. ಬರಿಗೈಲೆ ಕಳಸಂಗಿಲ್ಲ ನಾ" ಎಂದು, ಅಂಗಿಯ ಕಿಸೆಯಿಂದ ಒಂದು ರೂಪಾಯಿ ತೆಗೆದು ಅವನ ಎದೆಯ ಮೇಲೆ ಒಗೆದ. ಅದು ಎದೆಯಿಂದ ಜಾರಿ, ಮುರಿದ ಕಾಲಿನ ಮೇಲೆ ಬಿತ್ತು. ಇಮಾಮುದ್ದೀನ್ ಹಲ್ಲು ಕಚ್ಚಿ ನರಳಿದ.

ಅಣವೀರಪ್ಪ ಎದ್ದ. ರುಮಾಲು ಕೈಯಿಂದ ಬಿದ್ದದ್ದು ಅವನಿಗೆ ತಿಳಿಯಲಿಲ್ಲ. ಟಾಂಗಾದಲ್ಲಿದ್ದ ಚಾಬೂಕನ್ನು ತಿರುಗಾಮುರುಗಾ ಹಿಡಿದು, ಹಿತ್ತಾಳೆಯ ಕಟ್ಟು ಹಾಕಿದ ಹಿಡಿಕೆಯಿಂದ ದೇವೀಂದ್ರಪ್ಪನ ಬಾಯಿಗೆ ಹೊಡೆದ. ಹಲ್ಲುಗಳು ಮುರಿದ ಸಪ್ಪಳ ಎಲ್ಲರಿಗೂ ಕೇಳಿಸಿತು. ದೇವೀಂದ್ರಪ್ಪ ಕೈ ಅಡ್ಡ ತಂದ. ಎರಡನೆಯ ಏಟಿಗೆ ಮುಂಗೈ ಮುರಿಯಿತು. ಅವನು ಹಿಂದೆ ಸರಿದು ಎಡವಿ ಬಿದ್ದ. ಅಣವೀರಪ್ಪ ಅವನ ಎದೆಯ ಮೇಲೆ ಮೊಣಕಾಲೂರಿ ಹೊಡೆಯುತ್ತಲೇ ಹೋದ. ದವಡೆಗೆ, ಕಿವಿಗೆ, ಹೆಗಲಿಗೆ. ಹಿಡಿಕೆ ಮುರಿದಾಗ ಮುಷ್ಟಿಯಿಂದ. ಕೆಳಗಿದ್ದವನು ಮೊದಲು ಬೈದ, ಆಮೇಲೆ ಬೇಡಿಕೊಂಡ. ಕಡೆಗೆ ಬಾಯಿಂದ ರಕ್ತದ ಗುಳ್ಳೆಯಷ್ಟೇ ಬಂತು. ನೆಲದ ತುಂಬ ರೂಪಾಯಿ ಬಿದ್ದಿದ್ದವು, ಒಬ್ಬರೂ ಬಗ್ಗಲಿಲ್ಲ. ಯಾರೂ ಅವನನ್ನು ಬಿಡಿಸಲಿಲ್ಲ. ಆ ಸಂತೆಯಲ್ಲಿ ಗುತ್ತೇದಾರನ ಕೈಯಿಂದ ಒಂದಲ್ಲ ಒಂದು ದಿನ ಕಾಸು ಹೆಕ್ಕದವರು ಕಡಿಮೆ ಇದ್ದರು.

ಬಿಡಿಸಿದವನು ಇಮಾಮುದ್ದೀನ್, ಅದೂ ಮಾತಿನಿಂದ.

"ಅಣವೀರಾ, ಸಾಕು ಮಾಡು. ಅಲ್ಲಿ ಮೋತಿ ಇನ್ನೂ ಜೀವ ಹಿಡದದ."

ಅಣವೀರಪ್ಪನ ಕೈ ನಿಂತಿತು. ಹಳ್ಳದ ಕಡೆಯಿಂದ ಆ ಕೂಗು ಈಗ ಸಣ್ಣದಾಗಿ ಕೇಳುತ್ತಿತ್ತು.

"ಮುಂದಿನ ಎರಡೂ ಕಾಲು ಹೋಗ್ಯಾವ. ನಾ ಏಳಲಾರೆ" ಎಂದ ಇಮಾಮುದ್ದೀನ್. ಮಾತಾಡುವಾಗ ಅವನ ತುಟಿಯ ಸೀಳಿನಿಂದ ರಕ್ತ ಜಿನುಗುತ್ತಿತ್ತು. "ಊರ ಮಂದಿ ಕಲ್ಲು ಹಾಕಿ ಕೊಲ್ತಾರ. ನಿನ್ನ ಗುರ್ತು ಅದಕ್ಕದ. ನೀ ಹೋಗು."

ಚಾವಡಿಯ ಇಬ್ಬರು ಪೋಲೀಸ್ ಜವಾನರು ಅಷ್ಟರಲ್ಲಿ ಬಂದಿದ್ದರು. ಅವನನ್ನು ಹಿಡಿದವರು, ಇಮಾಮುದ್ದೀನನ ಮಾತು ಕೇಳಿ, ತಮ್ಮ ನಡುವೆ ನಡೆಸಿಕೊಂಡು ಹಳ್ಳಕ್ಕೆ ಹೋದರು. ತೋಟದವನೊಬ್ಬ ಕೊಡಲಿ ಕೊಟ್ಟ. ಮೋತಿ ಮುರಿದ ಟಾಂಗಾದ ಬೊಂಬುಗಳ ನಡುವೆ ಸಿಕ್ಕು, ಮಗ್ಗುಲಾಗಿ ಬಿದ್ದಿತ್ತು. ಹೊಡೆತ ತಿಂದ ಕಣ್ಣು ಮುಚ್ಚಿತ್ತು. ಅಣವೀರಪ್ಪ ಹತ್ತಿರ ಬಂದಾಗ ಅವನ ವಾಸನೆಗೆ ಕೂಗು ನಿಲ್ಲಿಸಿ ಮೂಗು ಅರಳಿಸಿತು. ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ಅವನ ಕೈಯಿಂದ ನೆನೆಗಡಲೆ ತಿಂದ ಕುದುರೆ. ಅವನು ಅದರ ಹಣೆಯ ಮೇಲಿನ ಬಿಳಿ ಚುಕ್ಕೆಯನ್ನು ಸವರಿದ. ಎದ್ದು ನಿಂತು ಕೊಡಲಿಯ ಹಿಂಬದಿಯಿಂದ ಅಲ್ಲಿಗೇ ಹೊಡೆದ. ಒಂದೇ ಏಟಿಗೆ ಮುಗಿಯಲಿಲ್ಲ. ಎರಡನೆಯದಕ್ಕೆ ಮುಗಿಯಿತು. ಜವಾನರು ಕೈಗೆ ಹಗ್ಗ ಬಿಗಿದಾಗ ಅವನು ಎರಡೂ ಕೈ ಜೋಡಿಸಿ ಮುಂದೆ ಹಿಡಿದು ನಿಂತಿದ್ದ.

ದೇವೀಂದ್ರಪ್ಪ ಸಾಯಲಿಲ್ಲ. ದವಡೆ ಸೊಟ್ಟಾಗಿ, ಒಂದು ಕಿವಿ ಕೇಳದಂತಾಗಿ ಬದುಕಿದ. ಅದಾಲತ್ತಿನಲ್ಲಿ ಅವನ ವಕೀಲರು, ಟಾಂಗಾದವನು ಹಣದ ಆಸೆಗೆ ಹೊಡೆದನೆಂದು ವಾದಿಸಿದರು. ಜಹೀರುದ್ದೀನ್ ಸಾಹೇಬರು ಹೈದರಾಬಾದಿನಿಂದ ಬಂದು ಸಾಕ್ಷಿ ಹೇಳಿದರು. ವ್ಯಾಪಾರ ಹಾಳಾದರೂ ಚಿಂತೆಯಿಲ್ಲವೆಂದು, ಇನಾಮಿನ ಪಂದ್ಯ ಕಟ್ಟಿದ್ದು, ಸೀಸೆ ಎಸೆದದ್ದು, ಎದೆಯ ಮೇಲೆ ರೂಪಾಯಿ ಒಗೆದದ್ದು, ಒಂದನ್ನೂ ಬಿಡದೆ ಹೇಳಿದರು. "ಮಹಾಗಾಂವದಲ್ಲೇ ನಾನು ಟಾಂಗಾದಿಂದ ಇಳಿದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದನ್ನೂ ಬರೆದುಕೊಳ್ಳಿ" ಎಂದರು. ಅಣವೀರಪ್ಪನಿಗೆ ಎಂಟು ತಿಂಗಳ ಶಿಕ್ಷೆಯಾಯಿತು. ತನ್ನ ಮುಖದ ಗಾಯದ ಬಗ್ಗೆ ಕೇಳಿದಾಗ ಇಮಾಮುದ್ದೀನ್ ಮಾತ್ರ, "ಬಿದ್ದಾಗ ಕಲ್ಲು ಹರದದ್ದು" ಎಂದು ಹೇಳಿದ.

ಜೈಲಿನಿಂದ ಹೊರಬಂದ ದಿನ ಅಣವೀರಪ್ಪ ಮನೆಗೆ ಹೋಗಿ ಚಂದ್ರಿಯನ್ನು ಬಿಚ್ಚಿದ. ಜಯದೇವಿ, "ಎಲ್ಲಿಗಿ ಹೊಂಟೀರಿ?" ಎಂದು ಕೇಳಿದಳು. ಹೇಳಿದ. ಅವಳು ಕುದುರೆಯ ಮೇವಿನ ಚೀಲವನ್ನು ತಾನೇ ತಂದು ಟಾಂಗಾದಲ್ಲಿಟ್ಟಳು.

ರೋಜಾದ ಓಣಿಯಲ್ಲಿ ಇಮಾಮುದ್ದೀನನ ಹೆಂಡತಿ ಮೆಹಬೂಬಿ ಬಾಗಿಲಲ್ಲೇ ನಿಂತಿದ್ದಳು. ಹಿಂದೆಲ್ಲ 'ಬಾ ಅಣ್ಣಾ' ಎನ್ನುತ್ತಿದ್ದವಳು ಈಗ ಬಾಗಿಲು ಬಿಡಲಿಲ್ಲ.

"ಟಾಂಗಾ ತಂದೀನಿ ಭಾಬಿ. ಕುದುರಿ ಸೈತ. ಇಮಾಮ್ ಭಾಯಿದು."

"ಅವನ ಕಾಲು ತಂದಿಯೇನು?" ಎಂದಳು ಮೆಹಬೂಬಿ. "ಆ ದಿನದಿಂದ ಒಂದು ಇಡೀ ರಾತ್ರಿ ಮಲಗಿಲ್ಲ ಅವ."

ಒಳಗಿನಿಂದ ಇಮಾಮುದ್ದೀನ್ ಕೋಲೂರಿಕೊಂಡು ಬಂದ. ಬಲಗಾಲು ಮಡಚುತ್ತಿರಲಿಲ್ಲ. ಮುಖದ ಗಾಯ ಮಾಗಿ ಬಿಳಿಯ ಗೆರೆಯಾಗಿತ್ತು. ಚಂದ್ರಿಯ ಬೆನ್ನಿನ ಮೇಲೂ ಅಂಥವೇ ಗೆರೆಗಳಿದ್ದವು. ಅವನು ಕುದುರೆಯ ಬಾಯಿ ಬಿಡಿಸಿ ಹಲ್ಲು ನೋಡಿದ, ಕಾಲೆತ್ತಿಸಿ ಲಾಳ ನೋಡಿದ. ಅಣವೀರಪ್ಪ ಕಾಲಿಗೆ ಬೀಳಲು ಬಗ್ಗಿದಾಗ ಕೋಲನ್ನು ಅಡ್ಡ ಹಿಡಿದ.

"ಬ್ಯಾಡ. ಚಾಬೂಕು ಬೀಸಿದ್ದು ಹೋಗ್ಲಿ. ಮನಷ್ಯಾಗ ಸಿಟ್ಟು ಬರ್ತದ, ದುಡ್ಡಿನ ಹುಚ್ಚು ಹಿಡೀತದ. ಆದರ ನೀ ನಿಂದ್ರಲಿಲ್ಲೋ ಅಣವೀರಾ. ಹಳ್ಳದಾಗ ಬಿದ್ದು ನಾ ಕೇಳಕೋತ ಇದ್ನೆಪಾ, ನಿನ್ನ ಟಾಂಗಾದ ಗೆಜ್ಜಿ ಸಪ್ಪಳ. ಈಗ ನಿಂದ್ರತದ, ಈಗ ನಿಂದ್ರತದ ಅಂತ. ಅದು ದೂರ ಹೋತು."

ಅಣವೀರಪ್ಪ ಚಂದ್ರಿಯ ಲಗಾಮನ್ನು ಅವನ ಮುಂದೆ ಹಿಡಿದ.

"ಕುದುರಿ ಇಟ್ಕೋತೀನಿ" ಎಂದ ಇಮಾಮುದ್ದೀನ್. "ಮಕ್ಕಳು ಉಣಬೇಕಲ್ಲ. ನೀ ಇನ್ನ ಹೋಗು."

ಅಣವೀರಪ್ಪ ನೂಲಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ವಾರದ ಪಗಾರ ಕೈಗೆ ಬರುತ್ತಿತ್ತು, ಅದರ ಮೇಲೆ ಯಾರೂ ಏನೂ ಕೊಡುತ್ತಿರಲಿಲ್ಲ, ಇವನೂ ಯಾರ ಮುಖ ನೋಡಬೇಕಾಗಿರಲಿಲ್ಲ. ಹತ್ತಿಯ ಧೂಳಿಗೆ ಕೆಮ್ಮು ಹತ್ತಿತು. ಒಂದು ಶನಿವಾರ ಗಿರಣಿಯ ಬಾಗಿಲ ಎದುರಿಗೆ ಇಮಾಮುದ್ದೀನನ ಟಾಂಗಾ ಖಾಲಿ ನಿಂತಿತ್ತು. ಅವನು ಗಿರಾಕಿಗಾಗಿ ಕಾಯುತ್ತಿದ್ದ. ಅಣವೀರಪ್ಪ ಹತ್ತಿರ ಹೋಗಿ, "ಕೋಟಿ ತನಕ ಏನು ತಗೋತಿ?" ಎಂದು ಕೇಳಿದ.

ಇಮಾಮುದ್ದೀನ್ ಕುದುರೆಯ ಕಿವಿಗಳ ನಡುವೆಯೇ ನೋಡುತ್ತಿದ್ದ. "ಎಲ್ಲಾರಿಗೂ ಎರಡಾಣೆ."

ಅಣವೀರಪ್ಪ ಹಿಂದಿನ ಸೀಟಿನಲ್ಲಿ, ಗಿರಾಕಿಗಳು ಕೂರುವಲ್ಲಿ ಕೂತ. ದಾರಿಯುದ್ದಕ್ಕೂ ಮಾತಿಲ್ಲ. ಇಳಿದು ಎರಡಾಣೆಯನ್ನು ಕೈಗೇ ಇಟ್ಟ. ಇಮಾಮುದ್ದೀನ್ ಯಾವ ಗಿರಾಕಿಯಿಂದಲೂ ತೆಗೆದುಕೊಳ್ಳುವಂತೆ ತೆಗೆದುಕೊಂಡ. ಅಣವೀರಪ್ಪನ ರುಮಾಲಿನಲ್ಲಿ ಇನ್ನೂ ದುಡ್ಡಿತ್ತು, ಅದನ್ನು ಅವನು ಮುಟ್ಟಲಿಲ್ಲ. ಕಿರಾಯಿಯ ಮೇಲೆ ಒಂದು ಕಾಸು ಹೆಚ್ಚು ಚಾಚಿದ್ದರೂ ಆ ಟಾಂಗಾ ಮತ್ತೆ ತನಗಾಗಿ ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಆಮೇಲೆ ಪ್ರತಿ ಶನಿವಾರವೂ ಹಾಗೇ ನಡೆಯಿತು. ಮಳೆಗಾಲ ಕಳೆಯಿತು, ಚಳಿ ಬಂತು. ಎರಡನೆಯ ವರ್ಷದ ಬೇಸಿಗೆಯಲ್ಲಿ ಒಮ್ಮೆ ಐವಾನ್-ಎ-ಶಾಹಿ ಬಂಗಲೆಯ ಗೋಡೆಯ ಹತ್ತಿರ ಚಂದ್ರಿ ಹೆಜ್ಜೆ ತಡವರಿಸಿತು.

"ಎಡಗಾಲಿನ ಲಾಳ ಸಡಲ್ಯಾದ" ಎಂದ ಅಣವೀರಪ್ಪ ಹಿಂದಿನಿಂದ. ತಾನು ಬಾಯಿ ತೆರೆದದ್ದಕ್ಕೆ ತಾನೇ ಬೆಚ್ಚಿದ.

ಇಮಾಮುದ್ದೀನ್ ತಿರುಗಲಿಲ್ಲ. ಟಾಂಗಾ ಇನ್ನೂ ಸ್ವಲ್ಪ ದೂರ ಹೋಯಿತು.

"ನಿನ್ನೆ ಹೊಸಾದು ಹೊಡಸೀನಿ" ಎಂದ ಆಮೇಲೆ. "ಲಾಳ ಅಲ್ಲದು. ಅದಕ್ಕ ವಯಸ್ಸಾತು."

"ಹೌದು" ಎಂದ ಅಣವೀರಪ್ಪ. "ಹದಿನಾಕು ಆಗಿರಬೇಕು."

"ಹದಿನೈದು" ಎಂದ ಇಮಾಮುದ್ದೀನ್, ಮತ್ತು ಬಿಸಿಲಿಗೆ ಬಾಯಾರಿದ್ದ ಕುದುರೆಯನ್ನು ನೆರಳಿನ ಕಡೆಗೆ ತಿರುಗಿಸಿದ.